ನಾಲ್ಕು ಮೊಳದ ನೋಟ

ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಹಗಲಿನ ಬೆಳಕಿನಲ್ಲಿಯೇ ಹೆಜ್ಜೆಯಿಡಬೇಕೆಂಬುದು ಮುನಿಗಳಿಗೆ ವಿಧಿಸಿದ ಈರ್ಯಾಸಮಿತಿ. ಶ್ರಾವಕರಾದ ನಾವು ಇದನ್ನು ಅವರ ಪಾಲಿನ ನಿಯಮವೆಂದು ಗೌರವದಿಂದಲೇ ಬದಿಗಿಟ್ಟಿದ್ದೇವೆ. ಅವರಾದರೋ ಬರಿಗಾಲಿನಲ್ಲಿ ನಡೆಯುವವರು; ನಾವು ಟನ್ನುಗಟ್ಟಲೆ ತೂಕದ ವಾಹನವನ್ನು ಓಡಿಸುವವರು. ಎಚ್ಚರದ ಅಗತ್ಯ ಯಾರಿಗೆ ಹೆಚ್ಚು ಎಂಬ ಪ್ರಶ್ನೆಯನ್ನು ಕಳೆದ ಮಾರ್ಗಶಿರದವರೆಗೆ ನಾನೂ ಕೇಳಿಕೊಂಡಿರಲಿಲ್ಲ.

ತಾಯಿಯವರೊಡನೆ ಬೆಂಗಳೂರಿನಿಂದ ಶ್ರವಣಬೆಳಗೊಳಕ್ಕೆ ಹೊರಟಿದ್ದೆ. ಕುಣಿಗಲ್ ದಾಟಿದ ಮೇಲೆ ಮೊಬೈಲಿನ ನಕ್ಷೆಯಲ್ಲಿ ಮುಂದಿನ ದಾರಿ ಕೆಂಪಾಯಿತು. ಬೇರೆ ದಾರಿ ಹುಡುಕಲೆಂದು ಅದನ್ನು ಕೈಗೆತ್ತಿಕೊಂಡೆ. ವಾಹನ ಚಲಿಸುತ್ತಿರುವುದನ್ನು ಅರಿತ ಯಂತ್ರವು ಅಕ್ಷರ ಬರೆಯಲು ಬಿಡಲಿಲ್ಲ. 'ನಾನು ಪ್ರಯಾಣಿಕ' ಎಂದು ಒಪ್ಪಿಕೊಳ್ಳುವ ಗುಂಡಿಯೊಂದನ್ನು ಮುಂದಿಟ್ಟಿತು. ಒತ್ತಿದೆ. ತಲೆಯೆತ್ತಿದಾಗ ವಾಹನವು ರಸ್ತೆಯಂಚಿನ ಬಿಳಿಯ ಗೆರೆಯ ಮೇಲಿತ್ತು. ಅದೇ ಅಂಚಿನಲ್ಲಿ, ತುಸು ಮುಂದೆ, ಪಿಂಛಿ-ಕಮಂಡಲು ಹಿಡಿದ ಐವರು ಮಾತಾಜಿಯವರು ವಿಹಾರದಲ್ಲಿದ್ದರು. ಅವರ ದೃಷ್ಟಿ ನೆಲದ ಮೇಲಿತ್ತು, ಕಾಲಡಿಗೆ ಸಿಕ್ಕಬಹುದಾದ ಇರುವೆಗಾಗಿ. ನನ್ನ ದೃಷ್ಟಿ ಅಂಗೈಯಲ್ಲಿತ್ತು. ಗಕ್ಕನೆ ಚಕ್ರ ತಿರುಗಿಸಿದೆ. ಏನೂ ಆಗಲಿಲ್ಲ.

ಈ 'ಏನೂ ಆಗಲಿಲ್ಲ' ಎಂಬ ಮಾತಿನ ಆಸರೆಯಲ್ಲಿಯೇ ನಾವೆಲ್ಲರೂ ವಾಹನ ನಡೆಸುತ್ತೇವೆ. ನಮ್ಮ ಶಾಸ್ತ್ರ ಆ ಆಸರೆಯನ್ನು ಒಪ್ಪುವುದಿಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಹೆಸರಿಸುತ್ತದೆ. ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ನಿಷ್ಠುರರು: ಪ್ರಮಾದಿಯಾದವನ ಮುಂದೆ ಜೀವ ಸಾಯಲಿ, ಸಾಯದಿರಲಿ, ಹಿಂಸೆ ನಡೆದೇ ಹೋಗಿದೆ, ಎಚ್ಚರದಿಂದ ನಡೆದವನ ಕೈಮೀರಿ ಜೀವಹಾನಿಯಾದರೂ ಅವನಿಗೆ ಆ ದೋಷವಿಲ್ಲ. ಹಾಗಾದರೆ ಅಂದು ಮಾತಾಜಿಯವರು ಉಳಿದದ್ದು ಅವರ ಪುಣ್ಯ. ನನ್ನ ಲೆಕ್ಕದಲ್ಲಿ ಹಿಂಸೆ ಆಗಿಯೇ ಇತ್ತು. ವಿಹಾರದಲ್ಲಿದ್ದ ಸಾಧು-ಸಾಧ್ವಿಯರು ಹೆದ್ದಾರಿಯಲ್ಲಿ ವಾಹನಗಳಿಗೆ ಸಿಕ್ಕಿ ಪ್ರಾಣ ನೀಗಿದ ವಾರ್ತೆಗಳನ್ನು ವಾಚಕರೂ ಓದಿದ್ದಾರೆ. ಹಾಗೆ ಮಾಡಿದ ಚಾಲಕರಲ್ಲಿ ಒಬ್ಬನಾದರೂ ಅದನ್ನು ಬಯಸಿ ಹೊರಟಿದ್ದನೆ?

ಲೆಕ್ಕ ಸರಳವಾಗಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನವು ಕ್ಷಣಕ್ಕೆ ಹದಿನಾರು ಮೀಟರಿಗೂ ಮಿಕ್ಕಿ ಸಾಗುತ್ತದೆ. ಎರಡೇ ಕ್ಷಣ ಕಣ್ಣು ಪರದೆಯ ಮೇಲಿದ್ದರೆ 33 ಮೀಟರ್ ದಾರಿಯನ್ನು ಕುರುಡನಾಗಿ ದಾಟಿದಂತೆ. ಮುನಿಗಳು ನೋಡಿ ನಡೆಯುವ ನಾಲ್ಕು ಮೊಳ ಎರಡು ಮೀಟರಿನೊಳಗೆ ಮುಗಿಯುತ್ತದೆ.

ಸಂಚಾರ ಮಾಹಿತಿ ನೀಡುವ ಈ ಸೇವೆಗಳನ್ನು ನಾನು ದೂಷಿಸುತ್ತಿಲ್ಲ. ದಾರಿಯಲ್ಲಿರುವ ಸಹಸ್ರಾರು ಮೊಬೈಲುಗಳ ಚಲನೆಯ ವೇಗವನ್ನು ಒಟ್ಟುಗೂಡಿಸಿ ಅವು ಕೆಂಪು-ಹಸಿರು ಗೆರೆಗಳನ್ನು ಎಳೆಯುತ್ತವೆ. ಅಂದರೆ ಮುಂದೆ ಹೋದವನು ತನಗರಿವಿಲ್ಲದೆಯೇ ಹಿಂದೆ ಬರುವವನಿಗೆ ಉಪಕಾರಿ. ಮೊಬೈಲನ್ನು ಯಾರೂ ಮುಟ್ಟದೆ ನಡೆಯುವ ಉಪಕಾರವಿದು ಎಂಬುದನ್ನು ಗಮನಿಸಬೇಕು. ಮುಂದೆ ಅಪಘಾತವಾಗಿದೆ ಎಂದು ಇತರರಿಗೆ ತಿಳಿಸಲು ಓಡಿಸುತ್ತಲೇ ಬೆರಳಾಡಿಸುವವನ ಉದ್ದೇಶ ಒಳ್ಳೆಯದೇ ಇರಬಹುದು. ಒಳ್ಳೆಯ ಉದ್ದೇಶದಿಂದ ಪ್ರಮಾದವು ಅಪ್ರಮಾದವಾಗದು.

ಕಾನೂನು ನಡುದಾರಿ ಹಿಡಿದಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಚಾಲನೆಯಲ್ಲಿ ಮೊಬೈಲನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ಅಪಾಯಕರ ಚಾಲನೆಯ ಸಾಲಿಗೆ ಸೇರಿಸಿತು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮಗಳು, ಏಕಾಗ್ರತೆ ಕೆಡದಂತೆ ದಾರಿ ನೋಡಲು ಮಾತ್ರ ಅದನ್ನು ಬಳಸಲು ಅನುಮತಿಸಿದವು. ಏಕಾಗ್ರತೆ ಕೆಟ್ಟಿತೋ ಇಲ್ಲವೋ ಎಂಬುದನ್ನು ಯಾವ ಪೊಲೀಸರು ಅಳೆಯಬಲ್ಲರು? ಅದು ಒಳಗಿನ ಸಾಕ್ಷಿಗೆ ಬಿಟ್ಟ ಮಾತು. ಆ ಸಾಕ್ಷಿಗೇ ನಾನು ಅಂದು 'ಪ್ರಯಾಣಿಕ' ಎಂದು ಸುಳ್ಳು ಹೇಳಿದ್ದೆ. ಯಂತ್ರಕ್ಕೆ ಹೇಳಿದ್ದು ಸುಳ್ಳಾದೀತೆ ಎಂದು ಮಿತ್ರರೊಬ್ಬರು ನಕ್ಕರು. ಆಚಾರ್ಯ ಅಮೃತಚಂದ್ರರು ಅಸತ್ಯದ ಲಕ್ಷಣವನ್ನೂ ಪ್ರಮಾದವನ್ನು ಹೆಸರಿಸಿಯೇ ವಿವರಿಸಿದ್ದಾರೆ. ಕೇಳುವವರು ಯಾರೆಂಬುದು ಅಲ್ಲಿ ಮುಖ್ಯವಲ್ಲ.

ಹೊರಡುವ ಮುನ್ನವೇ ದಾರಿ ನೋಡಿಕೊಂಡು, ಮೊಬೈಲನ್ನು ಚೀಲಕ್ಕೋ ಜೊತೆಯವರ ಕೈಗೋ ಒಪ್ಪಿಸಿ, ವಾಹನ ನಿಲ್ಲುವವರೆಗೆ ಮುಟ್ಟೆನೆಂಬ ನಿಯಮ ಹಿಡಿಯಬಹುದು. ಕಾಲಮಿತಿಯಿಟ್ಟು ಸಂಚಾರದ ಕ್ಷೇತ್ರವನ್ನು ಕಿರಿದುಗೊಳಿಸುವ ದೇಶವ್ರತ ನಮಗೆ ಹೊಸದಲ್ಲ. ಇಲ್ಲಿ ಕೈಯ ಕ್ಷೇತ್ರ ಕಿರಿದಾಗುತ್ತದೆ, ಅಷ್ಟೆ. ಯಾತ್ರೆಗೆ ಬಸ್ಸು ಗೊತ್ತುಮಾಡುವ ಬಸದಿಯ ಟ್ರಸ್ಟುಗಳು ದಾರಿ ನೋಡಿ ಹೇಳಲು ಚಾಲಕರ ಪಕ್ಕದಲ್ಲಿ ಒಬ್ಬರನ್ನು ಕೂರಿಸಿದರೆ ಖರ್ಚೇನೂ ಇಲ್ಲ.

ಅಂದು ಹಿಂದಿನ ಆಸನದಿಂದ ತಾಯಿಯವರು ಎಲ್ಲವನ್ನೂ ಕಂಡಿದ್ದರು. "ಕೊಡಪ್ಪಾ ಇಲ್ಲಿ" ಎಂದಷ್ಟೇ ಹೇಳಿ ಮೊಬೈಲನ್ನು ಪಡೆದು, ಜಪಮಣಿಯ ಚೀಲದಲ್ಲಿ ಹಾಕಿಕೊಂಡರು. ಸ್ವಲ್ಪ ದೂರದಲ್ಲಿ ನಕ್ಷೆ ಹೇಳಿದಂತೆಯೇ ವಾಹನಗಳ ಸಾಲು ನಿಂತಿತ್ತು. ಮುಕ್ಕಾಲು ಗಂಟೆ ಕಾದೆವು. ಅಷ್ಟರಲ್ಲಿ ಮಾತಾಜಿಯವರು ಅದೇ ಅಂಚಿನಲ್ಲಿ ಬಂದು, ನೆಲ ನೋಡುತ್ತಲೇ ನಮ್ಮನ್ನು ದಾಟಿ ಮುಂದೆ ನಡೆದರು.