ಉಳಿದ ದೇಹದೊಡನೆ ಬಾಳುವ ಪ್ರಶ್ನೆ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಮರಳಿದ ಹೆಣ್ಣಿಗೆ ಬಂಧುಗಳು ಹೇಳುವ ಸಮಾಧಾನ ಹೆಚ್ಚಾಗಿ ವೇದಾಂತದ್ದೇ ಆಗಿರುತ್ತದೆ: ದೇಹ ನಶ್ವರ, ಆತ್ಮಕ್ಕೆ ಗಾಯವಿಲ್ಲ. ಮುಂಬಯಿಯ ಈಶಾನ್ಯ ಉಪನಗರವಾದ ಮುಲುಂಡಿನ ಕನ್ನಡ, ತುಳು ಕುಟುಂಬಗಳಿಗೂ ಈ ಮಾತು ಹೊಸದಲ್ಲ. ಅದರ ಹಿಂದಿನ ಪ್ರೀತಿಯನ್ನು ಶಂಕಿಸಬೇಕಾಗಿಲ್ಲವಾದರೂ, ತತ್ತ್ವವಾಗಿ ಅದು ಈ ಸಂದರ್ಭಕ್ಕೆ ಸಲ್ಲುತ್ತದೆಯೇ ಎಂದು ಕೇಳಲೇಬೇಕಾಗುತ್ತದೆ. ಭಗವದ್ಗೀತೆಯ ಎರಡನೆಯ ಅಧ್ಯಾಯ ದೇಹವನ್ನು ಹಳೆಯ ಬಟ್ಟೆಗೆ ಹೋಲಿಸಿರುವುದು ಸಾವನ್ನು ಕುರಿತು. ರೋಗದಿಂದ ಉಳಿದು ಬಂದವಳಾದರೋ ಬಟ್ಟೆ ಕಳಚಿ ಹೊರಟವಳಲ್ಲ, ಹರಿದು ಹೊಲಿದ ಅದೇ ಬಟ್ಟೆಯಲ್ಲಿ ಇನ್ನೂ ಬಹುಕಾಲ ಬಾಳಬೇಕಾದವಳು.

ಅಕ್ಕಮಹಾದೇವಿಯನ್ನು ಉದಾಹರಿಸುವುದು ಇನ್ನೊಂದು ವಾಡಿಕೆ. ಉಡುಗೆ ತೊರೆದು ಕಲ್ಯಾಣಕ್ಕೆ ಬಂದ ಅಕ್ಕ ಕೂದಲಿನಿಂದ ಮೈ ಮರೆಮಾಡಿಕೊಂಡದ್ದೇಕೆಂದು ಅಲ್ಲಮಪ್ರಭು ಪ್ರಶ್ನಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಆದರೆ ಅಕ್ಕನದು ತಾನೇ ಆರಿಸಿಕೊಂಡ ತ್ಯಾಗ. ರೋಗಿಯದು ಬಲವಂತದ ನಷ್ಟ, ಅಕ್ಕನಿಗೆ ಮರೆಯಾಗಿದ್ದ ಕೂದಲು ಕೂಡ ಕೀಮೋಥೆರಪಿಯಲ್ಲಿ ಉದುರಿಹೋಗುತ್ತದೆ. ಕಳೆದುಕೊಂಡವಳಿಗೆ ವಿರಕ್ತಿಯನ್ನು ಬೋಧಿಸುವುದು ಸುಲಭ, ನ್ಯಾಯವಲ್ಲ. ಅಕ್ಕ ಸೇರಿದ ಅದೇ ಶರಣ ಪರಂಪರೆ ದೇಹವನ್ನೇ ದೇಗುಲವೆಂದು ಕಂಡು ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಲು ಕಲಿಸಿತು. ಆ ಎದೆಯಲ್ಲಿ ಕಲೆ ಬಿದ್ದಿದ್ದರೂ ಅದು ಪೂಜೆಗೆ ಸಲ್ಲುವ ಎದೆಯೇ. ವಿರಕ್ತಿಯ ಬೋಧನೆಗಿಂತ ಕೆಟ್ಟದ್ದು ಯಾವ ಜನ್ಮದ ಪಾಪವೋ ಎಂಬ ಪಿಸುಮಾತು: ಕರ್ಮಸಿದ್ಧಾಂತವನ್ನು ನೆರೆಯವರ ರೋಗಕ್ಕೆ ತೀರ್ಪಾಗಿ ಬಳಸುವವರು ಸಿದ್ಧಾಂತವನ್ನೂ ಅರಿತವರಲ್ಲ.

ಮನೋಚಿಕಿತ್ಸೆ ದೇಹವನ್ನು ಮರೆಯಲು ಹೇಳುವುದಿಲ್ಲ, ನೋಡಲು ಹೇಳುತ್ತದೆ. ತನ್ನ ದೇಹದ ಬಗ್ಗೆ ವ್ಯಕ್ತಿಯ ಮನಸ್ಸಿನಲ್ಲಿರುವ ಚಿತ್ರಣವೇ ದೇಹಬಿಂಬ. ಇಡೀ ಸ್ತನವನ್ನು ತೆಗೆಯುವ ಮಾಸ್ಟೆಕ್ಟಮಿಯ ನಂತರ ಅದು ಕದಡಿದಾಗ ರವಿಕೆಯ ಒಂದು ಬದಿ ಸಪ್ಪಟೆಯಾಗಿ ಕಂಡೀತೆಂದು ಸೆರಗನ್ನು ಪಿನ್ನಿನಿಂದ ಬಿಗಿಯುವುದು, ಸಂಕ್ರಾಂತಿಯ ಅರಿಶಿನ-ಕುಂಕುಮದ ಕರೆಗೂ ಹೋಗದಿರುವುದು ಶುರುವಾಗುತ್ತದೆ. 1960ರ ದಶಕದಲ್ಲಿ ಆರನ್ ಬೆಕ್ ರೂಪಿಸಿದ ಅರಿವು-ವರ್ತನೆ ಚಿಕಿತ್ಸೆಯಲ್ಲಿ, ತಾನೀಗ ಪೂರ್ಣ ಹೆಣ್ಣಲ್ಲ ಎಂಬಂಥ ತಾನಾಗಿ ನುಗ್ಗುವ ಯೋಚನೆಯನ್ನು ಹಿಡಿದು ನಿಲ್ಲಿಸಿ ಅದಕ್ಕೆ ಆಧಾರವೇನೆಂದು ವಿಚಾರಿಸಲಾಗುತ್ತದೆ. ಕನ್ನಡಿಯ ಮುಂದಿನ ಅಭ್ಯಾಸದಲ್ಲಿ ಮೊದಲು ಬಟ್ಟೆ ತೊಟ್ಟು, ಆಮೇಲೆ ಹಂತಹಂತವಾಗಿ ಕಲೆಯನ್ನು ನೋಡುತ್ತ, ಅದರ ಉದ್ದ, ಬಣ್ಣ, ಮೃದುತ್ವವನ್ನು ವರ್ಣಿಸಬೇಕೇ ಹೊರತು ಅಸಹ್ಯ ಎಂಬ ಮಾತನ್ನು ಬಳಸುವಂತಿಲ್ಲ. ಸಾಕ್ಷಿಭಾವವೆಂದು ವೇದಾಂತ ಹೇಳುವುದಕ್ಕೆ ಇದು ಹತ್ತಿರವಾದರೂ ಇಲ್ಲಿ ಸಾಕ್ಷಿಯಾಗುವುದು ದೇಹವನ್ನು ಬಿಡುವುದಕ್ಕಲ್ಲ, ಅದರೊಳಗೆ ಮರಳುವುದಕ್ಕೆ. ತನ್ನ ದೇಹಕ್ಕೆ ತಾನೇ ಕರುಣೆಯಿಂದ ಪತ್ರ ಬರೆಯುವ ವಿಧಾನವನ್ನು ಆಸ್ಟ್ರೇಲಿಯಾದ ಸಂಶೋಧಕರು 304 ಮಹಿಳೆಯರಲ್ಲಿ ಪರೀಕ್ಷಿಸಿ, ದೇಹಬಿಂಬದ ಸಂಕಟ ತಗ್ಗಿದ್ದನ್ನು 2018ರಲ್ಲಿ ಪ್ರಕಟಿಸಿದರು. ಗಾಢ ಖಿನ್ನತೆಯಿದ್ದಾಗ ಮಾತ್ರ ಇಷ್ಟೇ ಸಾಲದು, ಮನೋವೈದ್ಯರ ಔಷಧವೂ ಬೇಕಾಗಬಹುದು.

2022ರಲ್ಲಿ ಭಾರತದಲ್ಲಿ ಅಂದಾಜು 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳಿದ್ದವು. 1941ರಿಂದ ಪರೇಲಿನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಗೆ ಮುಲುಂಡಿನಿಂದ ಲೋಕಲ್ ರೈಲಿನಲ್ಲೇ ಹೋಗಿಬರಬಹುದು. ಆದರೆ ಮರಾಠಿ, ಹಿಂದಿಯಲ್ಲಿ ವ್ಯವಹಾರ ನಡೆಸಬಲ್ಲವಳಿಗೂ ಎದೆಯ ನೋವನ್ನು ಹೇಳಿಕೊಳ್ಳಲು ತಾಯಿನುಡಿಯೇ ಬೇಕಾಗುತ್ತದೆ. ಯಕ್ಷಗಾನಕ್ಕೂ ಆರೋಗ್ಯ ಶಿಬಿರಕ್ಕೂ ಸಭಾಂಗಣ ಹೊಂದಿಸುವ ಮುಂಬಯಿಯ ಕನ್ನಡ ಸಂಘಗಳು ಕನ್ನಡ, ತುಳು ಬಲ್ಲ ಆಪ್ತಸಲಹೆಗಾರರನ್ನೂ ಗೊತ್ತುಮಾಡಬೇಕು. ಅಲ್ಲಿಯವರೆಗೆ, ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಇದೆ.