ತವರಿಗೆ ಕಳಿಸುವ ತಿಂಗಳು

ಹೊಸದಾಗಿ ಮದುವೆಯಾದ ಹೆಣ್ಣು ಮೊದಲ ವರ್ಷದ ಮೊಹರಂ ಚಂದ್ರನನ್ನು ಗಂಡನ ಮನೆಯಲ್ಲಿ ನೋಡಬಾರದು. ಸೇಡಂನ ನಮ್ಮ ಮನೆತನದಲ್ಲಿ ನಡೆದುಬಂದ ಪದ್ಧತಿ ಇದು. ಯಾಕೆಂದು ಕೇಳಿದರೆ ಹಿರಿಯರು ಕರ್ಬಲಾ ಎನ್ನುತ್ತಾರೆ. ಕ್ರಿ.ಶ. 680ರ ಮೊಹರಂ ಹತ್ತನೆಯ ದಿನ ಪ್ರವಾದಿಯವರ ಮೊಮ್ಮಗ ಹುಸೇನರು ಕೊಲೆಯಾದರು. ಅಂಥ ತಿಂಗಳಲ್ಲಿ ಗಂಡಹೆಂಡತಿ ಕೂಡಿ ಸುಖಪಡುವುದು ಸಲ್ಲದು ಎಂಬುದು ಒಳಗಿನ ಮಾತು. ಅದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. 'ತವರಿಗೆ ಕಳಿಸೀವಿ' ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ.

ಇಂಥ ವಿಷಯದಲ್ಲಿ ಧರ್ಮಗ್ರಂಥಕ್ಕೆ ನಮ್ಮಷ್ಟು ನಾಚಿಕೆಯಿಲ್ಲ. ಜಿಲ್ಕಾದ್, ಜಿಲ್‌ಹಜ್, ಮೊಹರಂ, ರಜಬ್ ಈ ನಾಲ್ಕು ಪವಿತ್ರ ತಿಂಗಳುಗಳು ನಿಜ. ಆ ಪಾವಿತ್ರ್ಯ ಕಾದಾಟಕ್ಕೆ, ಅನ್ಯಾಯಕ್ಕೆ ಸಂಬಂಧಿಸಿದ್ದೇ ಹೊರತು ಹಾಸಿಗೆಗಲ್ಲ. ಕೂಡುವುದಕ್ಕೆ ಕಟ್ಟು ಇರುವುದು ಉಪವಾಸದ ಹಗಲಿಗೆ, ಹಜ್ಜಿನ ಇಹ್ರಾಮಿಗೆ, ಹೆಣ್ಣಿನ ಮುಟ್ಟಿನ ದಿನಗಳಿಗೆ. ರಂಜಾನಿನ ರಾತ್ರಿಗಳಲ್ಲಿ ದಂಪತಿಗಳು ಕೂಡಬಹುದೆಂದು ಕುರಾನಿನ ಎರಡನೆಯ ಅಧ್ಯಾಯವೇ ಸ್ಪಷ್ಟವಾಗಿ ಅನುಮತಿ ಕೊಟ್ಟಿದೆ. ದುಃಖಕ್ಕೂ ಲೆಕ್ಕವಿದೆ. ನಾವು ಸುನ್ನಿಗಳು ನಂಬುವ ಹದೀಸಿನಂತೆ ಸತ್ತವರಿಗಾಗಿ ಮೂರು ದಿನ; ಗಂಡನಿಗಾಗಿ ಹೆಂಡತಿಗೆ ಮಾತ್ರ 4 ತಿಂಗಳು 10 ದಿನ.

ಪಕ್ಕದ ಮನೆಯ ಲಿಂಗಾಯತರ ಅಕ್ಕನಿಗೆ ಇದೆಲ್ಲ ಹೇಳಿದೆ. 'ನಿಮಗ ಮೊಹರಂ, ನಮಗ ಆಷಾಢ. ಹುಡುಗಿ ಹೋಗೂದು ತವರಿಗೇ ಅಲ್ಲೇನವ್ವ?' ಎಂದು ನಕ್ಕರು. ಆಷಾಢದಲ್ಲಿ ಬಸಿರಾದರೆ ಚೈತ್ರ ವೈಶಾಖದ ಬಿಸಿಲಲ್ಲಿ ಹೆರಿಗೆ ಎಂಬುದು ಅವರ ಕಾರಣ. ನಮ್ಮ ಕಡೆಯ ಬಿಸಿಲು ಬಲ್ಲವರಿಗೆ ಅದು ಸುಳ್ಳೆನಿಸುವುದಿಲ್ಲ. 2024ರಲ್ಲೂ 2025ರಲ್ಲೂ ಮೊಹರಂ, ಆಷಾಢ ಎರಡೂ ಒಂದೇ ಅಮಾವಾಸ್ಯೆಯ ಬೆನ್ನಿಗೆ ಶುರುವಾದವು. ನಮ್ಮ ಓಣಿಯ ಎರಡೂ ಜಾತಿಯ ಹೊಸ ಸೊಸೆಯರು ಒಂದೇ ವಾರ ಗಂಟು ಕಟ್ಟಿ ಬಸ್ಸು ಹತ್ತಿದರು.

ಪದ್ಧತಿಯನ್ನು ಹಳಿಯಲು ನನಗೆ ಮನಸ್ಸಿಲ್ಲ. ಪೀರ ಹಿಡಿಯುವ ಹರಕೆ ಹೊತ್ತವನು ಹತ್ತು ದಿನ ನೆಲದ ಮೇಲೆ ಮಲಗಿ ಹೆಂಡತಿಯಿಂದ ದೂರವಿದ್ದರೆ ಅದಕ್ಕೊಂದು ತೂಕವಿದೆ. ಅದು ಅವನೇ ಹೊತ್ತ ವ್ರತ. (ಅವನ ಹೆಂಡತಿಯನ್ನು ಕೇಳಿದವರಿಲ್ಲ, ಆ ಮಾತು ಬೇರೆ.) ಆದರೆ ಒಬ್ಬರ ದುಃಖವನ್ನು ಇನ್ನೊಬ್ಬರ ಕೋಣೆಗೆ ಬೀಗವಾಗಿ ಹಾಕಿದರೆ ಅದು ಶೋಕವೋ, ಅಧಿಕಾರವೋ?

ಈ ಪ್ರಶ್ನೆ ನನ್ನನ್ನು ಕಾಡಿದ್ದು 2024ರ ಜುಲೈಯಲ್ಲಿ. ಸಂಬಂಧಿಕರ ಹುಡುಗಿಯೊಬ್ಬಳ ನಿಕಾಹ್ ಬಕ್ರೀದ್ ಕಳೆದ ವಾರಕ್ಕೆ ಆಗಿತ್ತು. ಗಂಡ ಸೌದಿಯಲ್ಲಿ ಕೆಲಸದವನು, ಜುಲೈ 20ಕ್ಕೆ ಮರಳಬೇಕು. ಮತ್ತೆ ಬರುವುದು ಎರಡು ವರ್ಷಕ್ಕೆ. ಮೊಹರಂ ಚಂದ್ರ ಕಾಣುವ ಮೊದಲೇ ಹುಡುಗಿಯನ್ನು ಚಿತ್ತಾಪುರಕ್ಕೆ ಕಳಿಸಿದರು. ಮೌಲವಿಯವರನ್ನು ಕೇಳಿದ್ದಾಯಿತು, ಅಡ್ಡಿಯಿಲ್ಲವೆಂದರು. ಅತ್ತೆ ಜಗ್ಗಲಿಲ್ಲ. 'ದೀನಿನಾಗ ಇಲ್ಲದಿದ್ದರ ಏನಾತು, ನಮ್ಮ ಮನ್ಯಾಗ ಅದ' ಎಂದರು. ಆಕೆಯನ್ನೂ ಹಿಂದೊಮ್ಮೆ ಹೀಗೆಯೇ ಕಳಿಸಿದ್ದರಂತೆ. ಹುಡುಗ ತಲೆ ತಗ್ಗಿಸಿ ಕೂತಿದ್ದ. ಹೆಂಡತಿ ಬೇಕು ಎಂದು ತಾಯಿಯ ಮುಂದೆ ಹೇಳಲು ಯಾವ ಗಂಡುಮಗನಿಗೆ ಬಾಯಿ ಬರುತ್ತದೆ?

ಎಲ್ಲರೂ ಮಾತಾಡಿದ ಮೇಲೂ ಹುಡುಗಿಯ ಮನಸ್ಸು ಯಾರೂ ಕೇಳಿರಲಿಲ್ಲ. ಅವನು ವಿಮಾನ ಹತ್ತಿದ ಮೇಲೆ ನಾನು ಚಿತ್ತಾಪುರಕ್ಕೆ ಹೋದಾಗ ಕೇಳಿದೆ. ತೊಗರಿ ಹಸನು ಮಾಡುತ್ತಿದ್ದವಳು ಮೊರದಿಂದ ಕಣ್ಣೆತ್ತದೆ ಹೇಳಿದಳು: 'ತವರಿಗೆ ಬರೋದು ನನಗೂ ಬೇಕಿತ್ತು ಖಾಲಾ. ಆದರ ಅವರು ಹೋದ ಮ್ಯಾಲ.'