ವೇಷ ಕಟ್ಟಿದ ಭಕ್ತಿ

ದೇವರನ್ನು ಹಾಡುವ ಕಂಠ ನಾಟಕದ ಪಾತ್ರಕ್ಕೂ ಹಾಡಿದರೆ ಭಕ್ತಿಗೆ ಮುಕ್ಕಾಗುತ್ತದೆಯೇ? ಈ ಅಳುಕು ಬಹಳ ಕಡೆ ಇದೆ. ಅಮೆರಿಕದಲ್ಲಿ ಕ್ರೈಸ್ತ ಭಕ್ತಿಗೀತೆಗಳಿಂದ ಹೆಸರಾಗಿದ್ದ ಸ್ಯಾಮ್ ಕುಕ್ 1956ರಲ್ಲಿ ಲೌಕಿಕ ಹಾಡಿಗೆ ಹೊರಳಿದಾಗ, ಭಕ್ತರ ಮುನಿಸಿಗೆ ಅಂಜಿ ಮೊದಲ ಧ್ವನಿತಟ್ಟೆಯ ಮೇಲೆ ಡೇಲ್ ಕುಕ್ ಎಂದು ಹೆಸರು ಮರೆಸಿಕೊಳ್ಳಬೇಕಾಯಿತು. ಕೊಡಗಿನ ಕಿರುಂದಾಡಿನ ಕವಿ ಅಪ್ಪನೆರವಂಡ ಅಪ್ಪಚ್ಚಕವಿ (1868–1944) ಹಾಗೆ ಹೆಸರು ಮರೆಸಲಿಲ್ಲ. ಹರಿಕಥೆಯಿಂದ ಬಂದ ಹರದಾಸ ಎಂಬ ಹೆಸರಿನಲ್ಲೇ ಅವರು ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಎಂಬ ನಾಲ್ಕು ಸಂಗೀತ ನಾಟಕಗಳನ್ನು ಕೊಡವರ ಮನೆಮಾತಾದ ಕೊಡವ ತಕ್ಕ್‌ನಲ್ಲಿ ಕೊಟ್ಟರು. ಮೊದಲನೆಯದು 1906ರದು, ಕೊನೆಯದು 1918ರದು. ಅವರ ಭಕ್ತಿ ರಂಗವೇರಿ ತೆಳುವಾಗಲಿಲ್ಲ, ಅಲ್ಲಿಯೇ ತುಂಬಿಕೊಂಡಿತು ಎಂಬುದು ನನ್ನ ವಾದ.

ಪಾತ್ರವೆಂದರೆ ನಟನೆ, ನಟನೆಯೆಂದರೆ ಸುಳ್ಳು, ಭಕ್ತಿಗೆ ಸತ್ಯ ಬೇಕು ಎಂದು ಆಕ್ಷೇಪಿಸುವವರಿದ್ದಾರೆ. ಈ ಮಾತು ಹರಿಕಥೆಗೇ ನಿಲ್ಲುವುದಿಲ್ಲ. ಅಲ್ಲಿ ದಾಸ ಒಬ್ಬನೇ ನಿಂತು ರಾಜನಾಗುತ್ತಾನೆ, ರಾಣಿಯಾಗುತ್ತಾನೆ, ಯಮನೂ ಆಗುತ್ತಾನೆ. ಅವನನ್ನು ಯಾರೂ ಸುಳ್ಳುಗಾರನೆನ್ನುವುದಿಲ್ಲ. ಕೊಡಗಿನಲ್ಲಂತೂ ಈ ಆಕ್ಷೇಪಕ್ಕೆ ನೆಲೆಯೇ ಕಡಿಮೆ. ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಕಾರೋಣ ತೆರೆ, ಅಂದರೆ ಹಿರಿಯನ ದೈವವೇಷ, ಕಟ್ಟಿದಾಗ ವೇಷ ಧರಿಸಿದವನ ಮುಂದೆ ಮನೆಯ ಹಿರಿಯರೂ ಕೈಮುಗಿದು ನಿಲ್ಲುತ್ತಾರೆ, ಕುಲದ ಮೂಲಪುರುಷ ಗುರುಕಾರೋಣನೇ ಮಾತಾಡಿದನೆಂದು ಅವನ ನುಡಿ ಕೇಳುತ್ತಾರೆ. ಬಣ್ಣವಿಲ್ಲದೆ ಅಲ್ಲಿ ಆ ಸಾನ್ನಿಧ್ಯವೇ ಇಲ್ಲ. ನಾಟಕದ ನಟನ ಮೇಲೆ ದೈವ ಬರುವುದಿಲ್ಲ, ನಿಜ. ತೆರೆಯೂ ನಾಟಕವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ವೇಷ ಕಂಡೊಡನೆ ಸುಳ್ಳೆಂದು ತೀರ್ಮಾನಿಸುವ ಹಕ್ಕು ಈ ನಾಡಿನಲ್ಲಿ ಯಾರಿಗೂ ಇಲ್ಲ. ಭಕ್ತಿಗೀತೆಯಲ್ಲಿ ಹಾಡುವವನು ತನ್ನ ಮೊರೆಯನ್ನಷ್ಟೇ ಇಡಬಲ್ಲ. ಸಾವಿತ್ರಿಯ ಪಾತ್ರಕ್ಕೆ ಹಾಡು ಕಟ್ಟುವಾಗ ಗಂಡನನ್ನು ಕಳೆದುಕೊಳ್ಳಲಿರುವ ಹೆಣ್ಣಿನ ಮೊರೆಯನ್ನು ಒಳಗೆ ತಂದುಕೊಳ್ಳಲೇಬೇಕು. ತನ್ನನ್ನು ಬಿಟ್ಟುಕೊಡುವುದೇ ಭಕ್ತಿಯಾದರೆ, ಇನ್ನೊಬ್ಬರ ಸಂಕಟಕ್ಕೆ ಕೊರಳು ಕೊಡುವುದು ಅದಕ್ಕಿಂತ ಕೆಳಗಿನದು ಹೇಗಾದೀತು?

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕೊಡವರ ಧರ್ಮ ಹಿರಿಯರದು, ಅವರ ಗುಡಿಯಾದ ಕೈಮಡದ್ದು. ಮದುವೆಗೂ ಪುರೋಹಿತ ಬೇಕಿಲ್ಲ, ದುಡಿ ಬಾರಿಸುತ್ತ ಬಾಳೊ ಪಾಟ್ ಎಂಬ ಜನಪದ ಹಾಡು ಹಾಡಿದರೆ ಸಾಕು. ಇಂಥ ನೆಲಕ್ಕೆ ಅಪ್ಪಚ್ಚಕವಿ ಹೊರಗಿನ ಪುರಾಣವನ್ನು ತಂದು ಹೇರಲಿಲ್ಲವೇ? ಯಯಾತಿಯ ಮಟ್ಟಿಗೆ ಈ ಪ್ರಶ್ನೆಯಲ್ಲಿ ಹುರುಳಿದೆ ಎಂದು ಒಪ್ಪುತ್ತೇನೆ. ಕಾವೇರಿಯ ಮಟ್ಟಿಗೆ ಒಪ್ಪಲಾರೆ. ಕೊಡವ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಉಡುವುದು ಬಲಮುರಿಯಲ್ಲಿ ಕಾವೇರಿಯ ರಭಸಕ್ಕೆ ನೆರಿಗೆ ಹಿಂದೆ ಸರಿದದ್ದರಿಂದ ಎಂಬುದು ಇಲ್ಲಿಯ ನಂಬಿಕೆ. ಮೈಮೇಲೆ ಉಟ್ಟ ಕಥೆ ಹೊರಗಿನದಾಗಲು ಸಾಧ್ಯವಿಲ್ಲ. ಅಲ್ಲದೆ ಸಂಸ್ಕೃತದಲ್ಲೂ ಕನ್ನಡದಲ್ಲೂ ಕೇಳುತ್ತಿದ್ದ ಪುರಾಣವನ್ನು ಮನೆಮಾತಿನಲ್ಲಿ ಕೇಳಿಸಿದ್ದು ಹೇರಿಕೆಯಲ್ಲ. ದೇವರೊಡನೆ ತನ್ನದೇ ನುಡಿಯಲ್ಲಿ ಮಾತಾಡುವ ಹಕ್ಕನ್ನು ದೊರಕಿಸಿದ್ದು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪ ‘ಪಟ್ಟೋಲೆ ಪಳಮೆ’ಯಲ್ಲಿ ಜನಪದ ಹಾಡುಗಳನ್ನು ಅಚ್ಚಿಗೆ ತರುವ ಮೊದಲೇ ಈ ನಾಟಕಗಳು ಬಂದಿದ್ದವು.

ಧಾರವಾಡದ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರೂ ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಹಾಡಿ ನಟಿಸಿದವರೇ. ಅವರು ಮುಂದೆ ಹಾಡಿದ ವಚನಗಳಿಗೆ ಅದರಿಂದ ಕುಂದು ಬಂತೆಂದು ಯಾರೂ ಹೇಳಿಲ್ಲ. ಅಪ್ಪಚ್ಚಕವಿಗೂ ಅದೇ ನ್ಯಾಯ ಸಲ್ಲಬೇಕು. ಅವರ ಹಾಡುಗಳನ್ನು ಸಭೆಯ ಪ್ರಾರ್ಥನೆಗೆಂದು ನಾಟಕದಿಂದ ಕಿತ್ತು ತೆಗೆಯುವವರಲ್ಲಿ ನನ್ನದೊಂದು ಕೋರಿಕೆ: ಹಾಡಿನೊಡನೆ ಅದರ ಪಾತ್ರವನ್ನೂ ದೃಶ್ಯವನ್ನೂ ಮಕ್ಕಳಿಗೆ ಕಲಿಸಿ, ವೇಷ ಕಟ್ಟಿಸಿ ಆಡಿಸಿ.